ಶಾಪದ ಕೊಡಲಿ ಮಾಡುತ್ತಿದ್ದೇನೆ, ಆಟಗಾರ ಅದನ್ನು ಬಿಸಾಡದ ಹಾಗೆ ಮಾಡುವುದು ಹೇಗೆ?

ಮೂಲೆಮನೆ ಡಿಎಂ

ಎಲ್ಲರಿಗೂ ನಮಸ್ಕಾರ. ನಮ್ಮದು ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ದಾಳ ಉರುಳಿಸಿ ಕಥೆ ಕಟ್ಟುವ ಆಟ) ಐದನೇ ಆವೃತ್ತಿ, 2014ರ ನಿಯಮ. ಆಟ ನಡೆಸುವ ಡಿಎಂ (ಡಂಜನ್ ಮಾಸ್ಟರ್) ನಾನು. ಪಾರ್ಟಿ (ಆಟಗಾರರ ತಂಡ) ಈಗ 5ನೇ ಲೆವೆಲ್‌ನಲ್ಲಿದೆ. ಫೈಟರ್ (ಯೋಧನ ಪಾತ್ರ) ಆಡುವವನ ಕೈಗೆ ಒಂದು ಶಾಪದ ಕೊಡಲಿ ಸಿಗಲಿ ಅಂತ ಕರಡು ಮಾಡಿದ್ದೇನೆ.

ಗ್ರೇಟ್‌ಆಕ್ಸ್ (ದೊಡ್ಡ ಕೊಡಲಿ), +2 (ಏಟಿನ ದಾಳಕ್ಕೂ ಡ್ಯಾಮೇಜ್‌ಗೂ 2 ಸೇರುತ್ತದೆ). ಏಟು ಬಿದ್ದಾಗ ಒಂದು ಡಿ6 (ಆರು ಮುಖದ ದಾಳ) ನೆಕ್ರಾಟಿಕ್ ಡ್ಯಾಮೇಜ್ (ಜೀವ ಹೀರುವ ಪೆಟ್ಟು) ಜಾಸ್ತಿ. ಶಾಪ ಹೀಗಿದೆ: ಒಮ್ಮೆ ಹಿಡಿದರೆ ಬಿಡಲು ಆಗುವುದಿಲ್ಲ. ಕರಿಸ್ಮಾ ಚೆಕ್‌ಗಳಿಗೆಲ್ಲ (ಮಾತಿನಿಂದ ಮನವೊಲಿಸುವಾಗ ಉರುಳಿಸುವ ದಾಳ) ಡಿಸ್‌ಅಡ್ವಾಂಟೇಜ್ (ಎರಡು ಸಲ ಉರುಳಿಸಿ ಕಡಿಮೆ ಬಂದದ್ದನ್ನು ಹಿಡಿಯುವುದು). ಬಿಸಿಲಲ್ಲಿ ನಡೆದರೆ ಗಂಟೆಗೆ 1 ಹಿಟ್ ಪಾಯಿಂಟ್ (ಜೀವದ ಅಂಕ) ಹೋಗುತ್ತದೆ. ಹೊಡೆಯುವಾಗ ಉರುಳಿಸುವ ಇಪ್ಪತ್ತು ಮುಖದ ದಾಳದಲ್ಲಿ 1 ಬಿದ್ದರೆ ಏಟು ಪಕ್ಕದಲ್ಲಿರುವ ಗೆಳೆಯನಿಗೆ.

ಇದು ಕೆಟ್ಟ ವಸ್ತು ಅಂತ ಗೊತ್ತಿದ್ದೂ ಅವನು ಅದನ್ನೇ ಎತ್ತಿಕೊಳ್ಳಬೇಕು. ನನ್ನ ಆಸೆ ಅಷ್ಟೇ. ಹೇಗನಿಸುತ್ತದೆ ಹೇಳಿ.

ಇಪ್ಪತ್ತು ಮುಖ

ಒಂದೊಂದಾಗಿ ನೋಡೋಣ.

ಕರಿಸ್ಮಾ: ನಿಮ್ಮ ಫೈಟರ್ ಊರ ಗೌಡರ ಜೊತೆ ಮಾತಾಡುವವನೇ? ಮಾತಿಗೆ ಬಾರ್ಡ್ (ಹಾಡುಗಾರನ ಪಾತ್ರ) ಇದ್ದಾನೆ ಅಲ್ವಾ. ಹಾಗಾದರೆ ಈ ಶಾಪ ಬರೀ ಕಾಗದದ ಮೇಲೆ. ಕಳೆದುಕೊಳ್ಳಲು ಅವನ ಹತ್ತಿರ ಇಲ್ಲದ್ದನ್ನು ಕಿತ್ತುಕೊಂಡರೆ ಅದು ಶಾಪವೇ ಅಲ್ಲ.

ಬಿಸಿಲು: ಗಂಟೆಗೆ 1 ಅಂದರೆ ದಿನಕ್ಕೆ 10-12. ಲಾಂಗ್ ರೆಸ್ಟ್ (ರಾತ್ರಿಯ ಪೂರ್ತಿ ವಿಶ್ರಾಂತಿ) ಮಾಡಿದರೆ ಎಲ್ಲವೂ ವಾಪಸ್. ಡಂಜನ್ (ನೆಲದಡಿಯ ಗುಹೆ, ನೆಲಮಾಳಿಗೆ) ಒಳಗೆ ಬಿಸಿಲೇ ಇಲ್ಲ. ನಿಮಗೆ ಲೆಕ್ಕ ಇಡುವ ತಲೆನೋವು, ಅವನಿಗೆ ಏನೂ ಇಲ್ಲ.

1 ಬಿದ್ದರೆ ಗೆಳೆಯನಿಗೆ ಏಟು: ದೊಡ್ಡ ತೊಂದರೆ ಇಲ್ಲಿದೆ. 5ನೇ ಲೆವೆಲ್‌ನಲ್ಲಿ ಫೈಟರ್‌ಗೆ ಟರ್ನ್‌ಗೆ ಎರಡು ಏಟು. ಎರಡರಲ್ಲಿ ಒಂದಾದರೂ 1 ಬೀಳುವ ಸಾಧ್ಯತೆ ಶೇ. 9.75. 11ನೇ ಲೆವೆಲ್‌ನಲ್ಲಿ ಮೂರು ಏಟು, ಶೇ. 14. 20ಕ್ಕೆ ನಾಲ್ಕು ಏಟು, ಶೇ. 18.5. ಅಂದರೆ ಅವನು ಪಳಗಿದಷ್ಟೂ ಗೆಳೆಯರಿಗೆ ಜಾಸ್ತಿ ಏಟು. ಉಲ್ಟಾ ಆಯಿತು. ಅದೂ ಅಲ್ಲದೆ ಮಜಾ ಅವನದು, ನೋವು ಪಕ್ಕದವನದು. ಆ ಪಕ್ಕದವನು ಕೊಡಲಿ ಬೇಕು ಅಂತ ಕೇಳಿರಲಿಲ್ಲ.

ಲಾಭದ ಕಡೆಯೂ ನೋಡಿ. +2 ಅಂದರೆ ತಗುಲುವ ಸಾಧ್ಯತೆ ಶೇ. 10ರಷ್ಟು ಏರುತ್ತದೆ, ಪ್ರತಿ ಏಟಿಗೂ 2 ಡ್ಯಾಮೇಜ್ ಖಾಯಂ. ಡಿ6ರ ಸರಾಸರಿ 3.5. ಇಷ್ಟು ಸಿಕ್ಕರೆ ನಾನಂತೂ ಬಿಸಿಲಲ್ಲಿ ಕೊಡೆ ಹಿಡಿದುಕೊಂಡು ಓಡಾಡುತ್ತೇನೆ.

ಹಳೇ ಪೆಟ್ಟಿಗೆ

ಕೊಡೆ ಹಿಡಿದ ಫೈಟರ್! ಯಾರಾದರೂ ಚಿತ್ರ ಬರೆದು ಹಾಕಿ.

ಸ್ವಲ್ಪ ಹಿಂದಕ್ಕೆ ಹೋಗೋಣ. 1974ರ ಮೊದಲ ಡಿ ಅಂಡ್ ಡಿಯಲ್ಲೇ ಮಾಯಾ ಕತ್ತಿಗಳಿಗೆ ಬುದ್ಧಿ, ಅಹಂಕಾರ ಎರಡಕ್ಕೂ ಅಂಕ ಇತ್ತು. ಕತ್ತಿಯ ಹಟ ಅದನ್ನು ಹಿಡಿದವನ ಹಟಕ್ಕಿಂತ ಜಾಸ್ತಿಯಾದರೆ ಕತ್ತಿ ಹೇಳಿದ ಹಾಗೆ ಇವನು ಕೇಳಬೇಕು. ಆಮೇಲೆ ಬಂದ ಪುಸ್ತಕಗಳಲ್ಲಿ -2 ಶಾಪದ ಕತ್ತಿ, ಬೆನ್ನಿಗೆ ಚುಚ್ಚುವ ಈಟಿ, ಹುಚ್ಚು ಹಿಡಿಸುವ ಕತ್ತಿ ಎಲ್ಲ ಇದ್ದವು. ನನಗೆ ತುಂಬಾ ಇಷ್ಟವಾದದ್ದು ಮೂರನೇ ಆವೃತ್ತಿಯ -2 ಕತ್ತಿ. ಅಭ್ಯಾಸಕ್ಕೆ ಬೀಸಿದಾಗ ಸೊಗಸಾಗಿ ಕೆಲಸ ಮಾಡುತ್ತದೆ. ನಿಜವಾದ ಶತ್ರು ಎದುರಾದಾಗ -2. ಬೇರೆ ಆಯುಧ ತೆಗೆಯಲು ಕೈ ಹಾಕಿದರೂ ಕೈಗೆ ಬರುವುದು ಇದೇ ಕತ್ತಿ. ಎಂಥ ಕುಚೋದ್ಯ ನೋಡಿ!

ಆದರೆ ಆ ಕಾಲದ ಆಟವೇ ಬೇರೆ. ಕ್ಯಾರೆಕ್ಟರ್ ಸಾಯುವುದು ಮಾಮೂಲಿ, ಹತ್ತು ನಿಮಿಷದಲ್ಲಿ ಹೊಸದು ರೆಡಿ. ಸಿಕ್ಕಿದ್ದಕ್ಕೆಲ್ಲ ಕೈ ಹಾಕಬೇಡ ಅನ್ನುವುದೇ ಆಟದ ಅರ್ಧ ಭಾಗ. ಈಗ ಒಬ್ಬನೇ ಕ್ಯಾರೆಕ್ಟರ್‌ನ ಜೊತೆ ವರ್ಷಗಟ್ಟಲೆ ಆಡುತ್ತೇವೆ, ಅವನಿಗೆ ಅಪ್ಪ ಅಮ್ಮ ಊರು ಕೇರಿ ಎಲ್ಲ ಇರುತ್ತದೆ. ಹಳೇ ಶಾಪವನ್ನು ಹಾಗೇ ತಂದು ಇಲ್ಲಿ ಇಟ್ಟರೆ ಬರೀ ಸಿಟ್ಟು ಬರುತ್ತದೆ. ಹಳೇ ಆಟದ ಅಭಿಮಾನಿಯಾಗಿಯೇ ಇದನ್ನು ಹೇಳುತ್ತಿದ್ದೇನೆ.

ಗದಾಪಾಣಿ

ನೀವೆಲ್ಲ 1974ಕ್ಕೆ ನಿಂತಿರಿ. ಇನ್ನೂ ಹಿಂದಕ್ಕೆ ಬನ್ನಿ, ದ್ರೋಣಪರ್ವಕ್ಕೆ.

ಶ್ರುತಾಯುಧನ ಗದೆ ನೆನಪಿದೆಯಾ? ಅವನು ವರುಣ ಮತ್ತು ಪರ್ಣಾಶಾ ನದಿಯ ಮಗ. ಮಗನನ್ನು ಯಾರೂ ಕೊಲ್ಲದಿರಲಿ ಅಂತ ತಾಯಿ ಬೇಡಿದಳು. ವರುಣ ಒಂದು ಗದೆ ಕೊಟ್ಟ. ಷರತ್ತು ಒಂದೇ: ಯುದ್ಧ ಮಾಡದವನ ಮೇಲೆ ಎಸೆಯಬೇಡ, ಎಸೆದರೆ ನಿನಗೇ ತಿರುಗುತ್ತದೆ. ಜಯದ್ರಥನ ಕಡೆಗೆ ಅರ್ಜುನ ನುಗ್ಗುತ್ತಿದ್ದ ದಿನ ಶ್ರುತಾಯುಧ ಅಡ್ಡ ಬಂದ. ರಥದ ಮೇಲೆ ಇಬ್ಬರಿದ್ದಾರೆ. ಒಬ್ಬ ಬಾಣ ಬಿಡುತ್ತಿದ್ದಾನೆ, ಇನ್ನೊಬ್ಬ ಕುದುರೆ ಓಡಿಸುತ್ತಿದ್ದಾನೆ. ಸಿಟ್ಟಿನ ಭರದಲ್ಲಿ ಗದೆ ಎಸೆದದ್ದು ಯಾರ ಮೇಲೆ? ಸಾರಥಿಯ ಮೇಲೆ. ಕೃಷ್ಣ ಅದನ್ನು ಹೆಗಲಲ್ಲಿ ತಾಳಿಕೊಂಡ. ಗದೆ ತಿರುಗಿ ಬಂದು ಎಸೆದವನನ್ನೇ ಕೊಂದಿತು.

ಇಲ್ಲಿ ದಾಳ ಇಲ್ಲ. ಷರತ್ತು ಮೊದಲೇ ಗೊತ್ತು, ತಪ್ಪಿದ್ದು ಅವನೇ. ಎದುರು ಪಕ್ಷದಲ್ಲಿ ಅತಿ ದೊಡ್ಡ ಗುರಿ ಯಾರೋ, ಅವನನ್ನೇ ಹೊಡೆಯುವಂತಿಲ್ಲ. ಕೈ ತುರಿಸುವುದು ಅಲ್ಲಿಗೇ, ನಿಷೇಧ ಇರುವುದೂ ಅಲ್ಲೇ.

ಇನ್ನೊಂದು ಥರದ್ದು ಅಶ್ವತ್ಥಾಮನ ಬ್ರಹ್ಮಶಿರ. ಅರ್ಜುನ ತನ್ನ ಅಸ್ತ್ರ ವಾಪಸ್ ತೆಗೆದ, ಇವನಿಗೆ ಬಿಡಲು ಬರುತ್ತದೆ, ಹಿಂದಕ್ಕೆ ಕರೆಯಲು ಬರುವುದಿಲ್ಲ. ಎಲ್ಲಾದರೂ ಬೀಳಲೇಬೇಕು. ಹೋಗಿ ಬಿದ್ದದ್ದು ಉತ್ತರೆಯ ಗರ್ಭದ ಮೇಲೆ. ನಾರ್ಸ್ ಕಥೆಯ ಟೀರ್ಫಿಂಗ್ ಕತ್ತಿಯೂ ಇದೇ ಜಾತಿ. ಕುಬ್ಜರನ್ನು ಹೆದರಿಸಿ ಮಾಡಿಸಿಕೊಂಡದ್ದು, ಒರೆಯಿಂದ ತೆಗೆದರೆ ಒಂದು ಹೆಣ ಬೀಳಲೇಬೇಕು. ಸುಮ್ನೆ ತೋರಿಸಲು ಕೂಡ ತೆಗೆಯುವಂತಿಲ್ಲ.

ಇಪ್ಪತ್ತು ಮುಖ

@ಗದಾಪಾಣಿ ಕರ್ಣನನ್ನು ಬಿಟ್ಟಿರಲ್ಲ?

ಗದಾಪಾಣಿ

ಬಿಟ್ಟಿಲ್ಲ, ಉಳಿಸಿಕೊಂಡಿದ್ದೆ. ಕರ್ಣನ ಹತ್ತಿರ ಎರಡು ಇದೆ, ಎರಡೂ ಬೇರೆ ಬೇರೆ ಡಿಸೈನ್.

ಪರಶುರಾಮರ ಶಾಪ: ಬೇಕಾದ ಹೊತ್ತಿಗೆ ಅಸ್ತ್ರ ಮರೆತುಹೋಗುತ್ತದೆ. ಕಥೆಗೆ ಅದ್ಭುತ, ಟೇಬಲ್‌ಗೆ ಬೇಡ. ಕೊನೆಯ ಬಾಸ್ ಎದುರಿಗೆ ನಿಂತಾಗ ಡಿಎಂ ಬಾಯಿಬಿಟ್ಟು "ನಿನಗೆ ಮರೆತುಹೋಯಿತು" ಅಂದರೆ ಆಟಗಾರ ಎದ್ದು ಮನೆಗೆ ಹೋಗುತ್ತಾನೆ.

ಇಂದ್ರನ ಶಕ್ತ್ಯಾಯುಧ: ಒಮ್ಮೆ ಮಾತ್ರ. ಅರ್ಜುನನಿಗೆ ಅಂತ ಎತ್ತಿಟ್ಟದ್ದು. ರಾತ್ರಿ ಯುದ್ಧದಲ್ಲಿ ಘಟೋತ್ಕಚ ಸೈನ್ಯವನ್ನು ಅರೆಯುತ್ತಿದ್ದಾನೆ, ಕೌರವರೆಲ್ಲ ಬಿಡು ಬಿಡು ಅಂತ ಕೂಗುತ್ತಿದ್ದಾರೆ. ಬಿಟ್ಟರೆ ಈ ರಾತ್ರಿ ಉಳಿಯುತ್ತದೆ, ಅರ್ಜುನ ಕೈ ತಪ್ಪುತ್ತಾನೆ. ಬಿಟ್ಟ. ಇದನ್ನು ಯಾವ ಟೇಬಲ್‌ನಲ್ಲಿ ಬೇಕಾದರೂ ಇಡಿ, ಓಡುತ್ತದೆ.

ನಿದ್ದೆಗೆಟ್ಟ ರೋಗ್

ಪುರಾಣ ಚೆನ್ನಾಗಿದೆ. ಆದರೆ ಅಲ್ಲಿ ಎಲ್ಲರಿಗೂ ಶಾಪ ಮೊದಲೇ ಗೊತ್ತು. ನನಗೆ ಗೊತ್ತಿಲ್ಲದ ಶಾಪವೇ ಇಷ್ಟ. ಎತ್ತಿಕೊಂಡ ಮೇಲೆ ಎದೆ ಧಸಕ್ ಅನ್ನಬೇಕು. 2014ರ ನಿಯಮದಲ್ಲೂ ವಸ್ತುವಿನ ಗುಣ ತಿಳಿಸುವ ಐಡೆಂಟಿಫೈ ಮಂತ್ರ ಹಾಕಿದರೂ ಸಾಮಾನ್ಯವಾಗಿ ಶಾಪ ಕಾಣುವುದಿಲ್ಲ ಅಂತಲೇ ಇದೆ. ಬೇಕು ಅಂತಲೇ ಹಾಗೆ ಇಟ್ಟಿದ್ದಾರೆ.

ಬೆಣ್ಣೆಗತ್ತಿ

ಆ ಧಸಕ್ ಎಷ್ಟು ಹೊತ್ತು ಇರುತ್ತದೆ ಹೇಳಲಾ? ಒಂದು ಸಂಜೆ. ಆಮೇಲೆ ತಿಂಗಳುಗಟ್ಟಲೆ ಎಳೆಯಬೇಕು.

ನಾನು ಒಂದು ಕ್ಯಾಂಪೇನ್‌ನಲ್ಲಿ ಬರ್ಸರ್ಕರ್ ಆಕ್ಸ್ ಹೊತ್ತಿದ್ದೆ, ಪುಸ್ತಕದಲ್ಲಿ ಇದ್ದದ್ದು ಇದ್ದ ಹಾಗೆ. +1, ಜೊತೆಗೆ ಲೆವೆಲ್‌ಗೆ ಒಂದರಂತೆ ಹಿಟ್ ಪಾಯಿಂಟ್ ಮಿತಿ ಏರುತ್ತದೆ. ಶತ್ರು ಗಾಯ ಮಾಡಿದಾಗಲೆಲ್ಲ 15ರ ವಿಸ್ಡಮ್ ಸೇವ್ (ದಾಳಕ್ಕೆ ವಿಸ್ಡಮ್ ಅಂಕ ಸೇರಿಸಿ 15 ಮುಟ್ಟಬೇಕು). ತಪ್ಪಿದರೆ ಹುಚ್ಚು: ಪ್ರತಿ ಟರ್ನ್ ಅತಿ ಹತ್ತಿರ ಇರುವವರನ್ನೇ ಹೊಡೆಯಬೇಕು, 60 ಅಡಿಯೊಳಗೆ ಕಣ್ಣಿಗೆ ಕಿವಿಗೆ ಬೀಳುವ ಜೀವ ಇಲ್ಲದಾಗುವ ತನಕ. ನನ್ನ ಫೈಟರ್‌ನ ವಿಸ್ಡಮ್ +1. ಸೇವ್ ಗೆಲ್ಲಲು 14 ಬೇಕು, ಅಂದರೆ ಶೇ. 35. ಎರಡು ಏಟು ತಿಂದು ಹುಚ್ಚು ಹಿಡಿಯದೆ ಉಳಿಯುವುದು ಶೇ. 12. ನಾಲ್ಕು ಏಟಿಗೆ ಶೇ. 1.5. ಹೆಚ್ಚುಕಡಿಮೆ ಪ್ರತಿ ಕಾಳಗದಲ್ಲೂ ಗ್ಯಾರಂಟಿ ಹುಚ್ಚು.

ಒಂದು ಸಾಯಂಕಾಲ ಹೇಳುತ್ತೇನೆ. ಕಿರಿದಾದ ಹಗ್ಗದ ಸೇತುವೆ, ಆ ಕಡೆ ಇಬ್ಬರು ಓಗರ್ (ದೈತ್ಯರು), ನನ್ನ ಹಿಂದೆ ವಿಜಾರ್ಡ್ (ಮಾಂತ್ರಿಕ). ಓಗರ್ ಕಲ್ಲು ಎಸೆದ, ನನಗೆ 6 ಬಿತ್ತು. ಹತ್ತಿರ ಇದ್ದದ್ದು ವಿಜಾರ್ಡ್. ನಾನು ತಿರುಗಿ ಹೊಡೆದೆ. ಅವನು ನೆಲಕ್ಕೆ. ಆಮೇಲೆ ನಾನು ಮಾಡಿದ್ದೇನು? ದಾಳ ಉರುಳಿಸಿದೆ, ಡಿಎಂ ಯಾರಿಗೆ ಅಂತ ಹೇಳಿದರು, ಡ್ಯಾಮೇಜ್ ಓದಿದೆ. ಅಷ್ಟೇ. ನನ್ನ ಜಾಗದಲ್ಲಿ ಒಂದು ಕ್ಯಾಲ್ಕುಲೇಟರ್ ಇಟ್ಟಿದ್ದರೂ ನಡೆಯುತ್ತಿತ್ತು. ವಿಜಾರ್ಡ್ ಆಡುತ್ತಿದ್ದವರು ಮುಂದಿನ ಅರ್ಧ ಗಂಟೆ ಫೋನ್ ನೋಡುತ್ತಾ ಕೂತರು.

ಹಿಟ್ ಪಾಯಿಂಟ್ ತೆಗೆಯಿರಿ, ದುಡ್ಡು ತೆಗೆಯಿರಿ, ನನ್ನ ಟರ್ನ್ ತೆಗೆಯಬೇಡಿ. ನಾನು ಆಡಲು ಬಂದವಳು.

ನಿದ್ದೆಗೆಟ್ಟ ರೋಗ್

ಸರಿ ಮಾರಾಯ್ರೇ, ಆದರೆ ಎಲ್ಲವನ್ನೂ ಲೇಬಲ್ ಹಚ್ಚಿ ಕೊಟ್ಟರೆ ಅದು ಅಂಗಡಿ ಸಾಮಾನಾಗುತ್ತದೆ. ನಡುವೆ ಒಂದು ದಾರಿ ಇಲ್ಲವೇ?

ಹಳೇ ಪೆಟ್ಟಿಗೆ

ಇದೆ. 1987ರಿಂದ ಇರುವ ಕಂಪ್ಯೂಟರ್ ಆಟ ನೆಟ್‌ಹ್ಯಾಕ್ ಆಡಿದ್ದೀರಾ? ಅಲ್ಲಿ ಶಾಪದ ಕತ್ತಿ ಹಿಡಿದರೆ ಕೈಗೇ ಅಂಟಿಕೊಳ್ಳುತ್ತದೆ. ಆದರೆ ಆಟ ಸುಳಿವು ಕೊಡುತ್ತದೆ. ವಸ್ತುವನ್ನು ಬಲಿಪೀಠದ ಮೇಲೆ ಇಟ್ಟರೆ ಕಪ್ಪು ಬೆಳಕು ಮಿಂಚುತ್ತದೆ. ಅದಕ್ಕಿಂತ ಚೆಂದದ್ದು ನಾಯಿ. ನಿಮ್ಮ ಸಾಕುನಾಯಿ ಶಾಪದ ವಸ್ತುವಿನ ಮೇಲೆ ಕಾಲಿಡಲು ಹಿಂಜರಿಯುತ್ತದೆ. ಗಮನ ಇಟ್ಟವನಿಗೆ ಗೊತ್ತಾಗುತ್ತದೆ, ಆತುರಗಾರನಿಗೆ ಇಲ್ಲ.

ಹೀಗೆ ಮಾಡಿ: ಶಾಪ ಇದೆ ಅನ್ನುವುದು ಸುಳಿವಿನಿಂದ ಗೊತ್ತಾಗಲಿ, ಏನು ಅನ್ನುವುದು ಮೊದಲ ಬಾರಿ ಬಳಸಿದಾಗ ಪೂರ್ತಿ ಗೊತ್ತಾಗಲಿ. ಮೊದಲ ಸಲ ಬೆಲೆ ಸಣ್ಣದಿರಲಿ. ಎರಡನೇ ಸಲದಿಂದ ಅವನದೇ ನಿರ್ಧಾರ. ಪಾರ್ಟಿಯಲ್ಲಿ ಯಾರಾದರೂ ನಾಯಿ ಸಾಕಿದ್ದಾರಾ?

ಮೂಲೆಮನೆ ಡಿಎಂ

ಹೇಸರಗತ್ತೆ ಇದೆ. ಹೆಸರು ಲಡ್ಡು.

ಹಳೇ ಪೆಟ್ಟಿಗೆ

ಲಡ್ಡು ಕೊಡಲಿ ಹೊರಲು ಒಪ್ಪುವುದಿಲ್ಲ. ಮುಗೀತು.

ಕ್ಲೆರಿಕ್ ನಾನೇ

ಎಲ್ಲರೂ ಒಂದನ್ನು ಮರೆತಿದ್ದೀರಿ. ಪಾರ್ಟಿ 5ನೇ ಲೆವೆಲ್. ಕ್ಲೆರಿಕ್‌ಗೆ (ಪೂಜಾರಿಯ ಪಾತ್ರ) ಮೂರನೇ ಲೆವೆಲ್ ಮಂತ್ರ ಬಂದಾಯಿತು. ಶಾಪ ಬಿಡಿಸುವ ರಿಮೂವ್ ಕರ್ಸ್ ಮಂತ್ರಕ್ಕೆ ಒಂದು ಆಕ್ಷನ್ ಸಾಕು. ಶಾಪ ವಸ್ತುವಿನಲ್ಲೇ ಉಳಿಯುತ್ತದೆ ನಿಜ, ಆದರೆ ಅಟ್ಯೂನ್‌ಮೆಂಟ್ (ವಸ್ತುವಿಗೂ ಹಿಡಿದವನಿಗೂ ಇರುವ ಮಾಯೆಯ ನಂಟು) ಕಡಿಯುತ್ತದೆ, ಕೊಡಲಿ ಹೊಳೆಗೆ ಬೀಳುತ್ತದೆ. ನಿಮ್ಮ ಕಥೆ ಒಂದು ಸ್ಲಾಟ್‌ಗೆ (ಒಂದು ಮಂತ್ರದ ಖರ್ಚಿಗೆ) ಮುಗಿಯಿತು.

"ಈ ಶಾಪಕ್ಕೆ ರಿಮೂವ್ ಕರ್ಸ್ ನಡೆಯಲ್ಲ" ಅಂತ ಮಾತ್ರ ಬರೆಯಬೇಡಿ. ಆ ಮಂತ್ರ ಕಲಿತವರಿಗೆ ಮೋಸ. ಪುಸ್ತಕದ ಸ್ವೋರ್ಡ್ ಆಫ್ ವೆಂಜನ್ಸ್ ನೋಡಿ. ಮಾಮೂಲಿ ದಾರಿಯೂ ಇದೆ, ಬೇರೆ ದಾರಿಯೂ ಇದೆ: ಕತ್ತಿಯ ಮೇಲೆ ಬ್ಯಾನಿಷ್‌ಮೆಂಟ್ (ಹೊರದಬ್ಬುವ ಮಂತ್ರ) ಹಾಕಿದರೆ ಒಳಗಿನ ಸೇಡಿನ ಆತ್ಮ ಓಡಿಹೋಗಿ ಬರೀ +1 ಕತ್ತಿ ಉಳಿಯುತ್ತದೆ. ಶಾಪ ಯಾರದು ಅಂತ ತಿಳಿದವನಿಗೆ ಜಾಸ್ತಿ ಲಾಭ. ಇದು ಚೆನ್ನಾಗಿದೆ.

ಮೂಲೆಮನೆ ಡಿಎಂ

ಎಲ್ಲ ಓದಿ ಹಳೇ ಕರಡು ಹರಿದೆ. ಹೊಸದು ಇಲ್ಲಿದೆ.

ಸಾಲದ ಕೊಡಲಿ. ಗ್ರೇಟ್‌ಆಕ್ಸ್, +1, ಅಟ್ಯೂನ್‌ಮೆಂಟ್ ಬೇಕು. ನಿನ್ನ ಏಟು ತಪ್ಪಿದಾಗ "ತಗುಲಿತು" ಅನ್ನಬಹುದು. ತಗುಲುತ್ತದೆ. ಕೊಡಲಿಯ ಕಾವಿನ ಮೇಲೆ ತಾನಾಗಿಯೇ ಒಂದು ಕಚ್ಚು ಬೀಳುತ್ತದೆ. ಪ್ರತಿ ಕಚ್ಚಿಗೂ ನಿನ್ನ ಒಂದು ಹಿಟ್ ಡೈಸ್ (ವಿಶ್ರಾಂತಿಯಲ್ಲಿ ಉರುಳಿಸಿ ಹಿಟ್ ಪಾಯಿಂಟ್ ವಾಪಸ್ ಪಡೆಯುವ ದಾಳ, ಲೆವೆಲ್‌ಗೆ ಒಂದು) ಕೊಡಲಿಯ ಪಾಲು. ಹುಚ್ಚು ಇಲ್ಲ, ಅಂಟಿಕೊಳ್ಳುವುದಿಲ್ಲ, ಯಾವಾಗ ಬೇಕಾದರೂ ಕೆಳಗಿಡಬಹುದು.

ಇಪ್ಪತ್ತು ಮುಖ

ಈಗ ಮಾತು! ಲೆಕ್ಕ ಹಾಕೋಣ. ಸ್ಟ್ರೆಂತ್ 18 (ಅಂದರೆ +4) ಅಂದುಕೊಂಡರೆ ಒಂದು ಏಟು ಡಿ12 + 4 + 1, ಸರಾಸರಿ 11.5. ಫೈಟರ್‌ನ ಒಂದು ಹಿಟ್ ಡೈಸ್ ಡಿ10 + ಕಾನ್ಸ್ಟಿಟ್ಯೂಷನ್ (ದೇಹದ ತಾಳಿಕೆ) 2, ಸರಾಸರಿ 7.5 ಚೇತರಿಕೆ. 7.5 ಕೊಟ್ಟು 11.5 ತೆಗೆದುಕೊಳ್ಳುವುದು. ಲಾಭ ಕಣ್ಣಿಗೆ ಕಾಣುತ್ತದೆ, ಹಾಗೇ ಇರಬೇಕು. ನಷ್ಟದ ವ್ಯಾಪಾರ ಅಂತ ಕಂಡರೆ ಯಾರೂ ಮುಟ್ಟುವುದಿಲ್ಲ.

ಬೆಲೆ ಕೇಳುವ ಹೊತ್ತೂ ಸರಿಯಾಗಿದೆ. ಏಟು ತಪ್ಪಿದ ಕ್ಷಣ, ಶತ್ರುವಿಗೆ ಇನ್ನೇನು ಸ್ವಲ್ಪ ಜೀವ ಉಳಿದಿದೆ ಅನ್ನುವಾಗ ಅವನು ಬೇಡ ಅನ್ನುವುದು ಕಷ್ಟ.

ಒಂದು ತೂತು ಇದೆ. 2014ರಲ್ಲಿ ಲಾಂಗ್ ರೆಸ್ಟ್‌ಗೆ ಅರ್ಧ ಹಿಟ್ ಡೈಸ್ ವಾಪಸ್, 5ನೇ ಲೆವೆಲ್‌ಗೆ ಎರಡು. ದಿನಕ್ಕೆ ಎರಡು ಕಚ್ಚು ಹೆಚ್ಚುಕಡಿಮೆ ಬಿಟ್ಟಿ. 2024ರ ನಿಯಮದಲ್ಲಿ ಎಲ್ಲ ಡೈಸ್ ಒಂದೇ ರಾತ್ರಿಗೆ ವಾಪಸ್, ಅಲ್ಲಿಗೆ ಶಾಪವೇ ಮಾಯ. ಆದ್ದರಿಂದ ಕಚ್ಚಿಗೆ ಹೋದ ಡೈಸ್ ನಿದ್ದೆಯಿಂದ ಬರಬಾರದು. ಅಡವಿಟ್ಟ ಒಡವೆ ಹಾಗೆ ಅಲ್ಲೇ ಇರಬೇಕು.

ಕ್ಲೆರಿಕ್ ನಾನೇ

ಹಿಟ್ ಡೈಸ್ ಬದಲು ಎಕ್ಸಾಷನ್ (ಹಂತ ಹಂತವಾಗಿ ಏರುವ ದಣಿವು) ಇಟ್ಟರೆ? ಹೆದರಿಕೆ ಜಾಸ್ತಿ ಇರುತ್ತದೆ.

ಇಪ್ಪತ್ತು ಮುಖ

ಹೆದರಿಕೆ ವಿಪರೀತ ಆಗುತ್ತದೆ. 2014ರಲ್ಲಿ ಮೂರನೇ ಹಂತಕ್ಕೆ ಎಲ್ಲ ಏಟಿಗೂ ಡಿಸ್‌ಅಡ್ವಾಂಟೇಜ್, ಆರಕ್ಕೆ ಸಾವು. ಡಿಸ್‌ಅಡ್ವಾಂಟೇಜ್ ಅಂದರೆ ಶೇ. 50ರ ಏಟು ಶೇ. 25ಕ್ಕೆ ಇಳಿಯುತ್ತದೆ. ಏಟು ತಪ್ಪಿದಷ್ಟೂ ಇನ್ನೊಂದು ಕಚ್ಚು ಬೇಕನಿಸುತ್ತದೆ, ಇನ್ನೊಂದು ಹಂತ ಇಳಿಯುತ್ತಾನೆ. ಒಂದೇ ಸೆಷನ್‌ನಲ್ಲಿ ಹೆಣ.

ಗದಾಪಾಣಿ

ಸಾಲ ತೀರುವುದು ಹೇಗೆ ಅಂತ ಬರೆದೇ ಇಲ್ಲ. ಅದೇ ತಾನೇ ಕಥೆ?

ನನ್ನ ಸಲಹೆ: ಜಾಮೀನು ಇಡಿ. ಗೆಳೆಯನೊಬ್ಬ ಕಾವು ಮುಟ್ಟಿ "ಇದು ನನ್ನ ಮೇಲಿರಲಿ" ಅಂದರೆ ಒಂದು ಕಚ್ಚು ಅವನ ಹೆಸರಿಗೆ ಹೋಗುತ್ತದೆ, ಅವನ ಡೈಸ್ ಒಂದು ಅಡವು. ಒತ್ತಾಯ ಇಲ್ಲ. ಮೊದಲ ಕರಡಿನಲ್ಲಿ ಗೆಳೆಯನಿಗೆ ಸುಮ್ನೆ ಏಟು ಬೀಳುತ್ತಿತ್ತು, ಈಗ ಅವನೇ ಕೈ ಚಾಚಬೇಕು. ಟೇಬಲ್‌ನಲ್ಲಿ ಜಗಳ, ಕಣ್ಣೀರು, ಚೌಕಾಸಿ ಎಲ್ಲ ಉಚಿತ.

ಇನ್ನೂ ಒಂದು. "ಕೊಡಲಿ ಕಾವು ಕುಲಕ್ಕೆ ಮೃತ್ಯು" ಅಂತ ಗಾದೆ ಇದೆಯಲ್ಲ. ಈ ಕೊಡಲಿಯ ಕಾವು ಹಿಡಿದವನ ಊರಿನ ಮರದ್ದಾಗಿರಲಿ. ಮೊದಲ ಕಚ್ಚು ಬಿದ್ದ ದಿನ ಊರಲ್ಲಿ ಆ ಮರದ ಒಂದು ಕೊಂಬೆ ಒಣಗಿತು ಅಂತ ಆಮೇಲೆ ಯಾರೋ ಬಂದು ಹೇಳಲಿ.

ಬೆಣ್ಣೆಗತ್ತಿ

ಇದನ್ನು ನಾನು ಎತ್ತಿಕೊಳ್ಳುತ್ತೇನೆ. ಖಂಡಿತ. ಐದೂ ಡೈಸ್ ಅಡವಿಟ್ಟು ಆಮೇಲೆ ಜಾಮೀನಿಗೆ ಅಲೆಯುತ್ತೇನೆ.

ಒಂದು ಕೇಳಬೇಕು. ಡೈಸ್ ಎಲ್ಲ ಮುಗಿದ ಮೇಲೆ? ಬರೀ "ಇನ್ನು ಆಗಲ್ಲ" ಅಂದರೆ ಸಪ್ಪೆ.

ಮೂಲೆಮನೆ ಡಿಎಂ

ಆಮೇಲಿನ ಪ್ರತಿ ಕಚ್ಚಿಗೆ ಹಿಟ್ ಪಾಯಿಂಟ್ ಮಿತಿ 5 ಇಳಿಯುತ್ತದೆ. ಇವನ ಮಿತಿ 44. ನಾಲ್ಕೈದು ಕಚ್ಚಿನಲ್ಲೇ ವಿಜಾರ್ಡ್‌ನಷ್ಟು ಮೆತ್ತಗಾಗುತ್ತಾನೆ.

ತೀರಿಸುವುದಕ್ಕೆ ಹೀಗೆ ಬರೆದಿದ್ದೇನೆ: ಸೋಲಿಸಿದ ಶತ್ರುವನ್ನು ಕೊಲ್ಲದೆ, ಅವನ ಆಯುಧ ಕಿತ್ತುಕೊಳ್ಳದೆ ಬಿಟ್ಟರೆ ಒಂದು ಕಚ್ಚು ಮಾಯ. ಆ ಶತ್ರು ಬದುಕಿರುತ್ತಾನೆ, ಇವನ ಮುಖ ನೆನಪಿಟ್ಟಿರುತ್ತಾನೆ. ರಿಮೂವ್ ಕರ್ಸ್ ಹಾಕಿದರೆ ಅಟ್ಯೂನ್‌ಮೆಂಟ್ ಕಡಿಯುತ್ತದೆ, ಕೊಡಲಿ ಬಿಟ್ಟುಹೋಗುತ್ತದೆ. ಅಡವಿಟ್ಟದ್ದು ಮಾತ್ರ ಅಡವಿನಲ್ಲೇ.

ಕ್ಲೆರಿಕ್ ನಾನೇ

ಆ ಕೊನೆಯ ಸಾಲು ಸರಿ ಇಲ್ಲ. ಮಂತ್ರ ಹಾಕಿದವರಿಗೆ ಏನಾದರೂ ಸಿಗಬೇಕು. ಹಾಕಿದಾಗ ಒಂದು ಕಚ್ಚು ಅಳಿಸಲಿ, ಜೊತೆಗೆ ಕೊಡಲಿಯ ಮೂಲಕ ಸಾಲ ಕೊಡುತ್ತಿರುವವನು ಯಾರು ಅಂತ ಒಂದು ಕ್ಷಣ ಕಾಣಲಿ. ಅವನನ್ನು ಹುಡುಕಿಕೊಂಡು ಹೋಗುವುದೇ ಮುಂದಿನ ಸಾಹಸ.

ಮೂಲೆಮನೆ ಡಿಎಂ

ಒಪ್ಪಿದೆ. ಹಾಗೇ ತಿದ್ದುತ್ತೇನೆ.

ನಿದ್ದೆಗೆಟ್ಟ ರೋಗ್

ಇದೇ ನಿಯಮ ಬಿಲ್ಲಿಗೆ ಇಡಬಹುದಾ? ನಮ್ಮ ಟೇಬಲ್‌ನಲ್ಲಿ ಕೊಡಲಿ ಹಿಡಿಯುವವರೇ ಇಲ್ಲ, ನಾಲ್ಕು ಜನವೂ ದೂರದಿಂದ ಹೊಡೆಯುವ ಪುಕ್ಕಲರು.

ಇಪ್ಪತ್ತು ಮುಖ

ಬಿಲ್ಲಿಗೆ ಹುಷಾರು. ದೂರ ನಿಂತವನು ಏಟು ತಿನ್ನುವುದು ಕಡಿಮೆ, ಹಿಟ್ ಡೈಸ್ ಹೋದರೂ ಅವನಿಗೆ ಬಿಸಿ ತಟ್ಟುವುದಿಲ್ಲ. ಎದುರಿಗೆ ನಿಂತು ಪೆಟ್ಟು ತಿನ್ನುವವನಿಗೆ ಮಾತ್ರ ಈ ಬೆಲೆ ಬೆಲೆ. ರೋಗ್ (ಕಳ್ಳನ ಪಾತ್ರ) ಆದರೆ ಸ್ನೀಕ್ ಅಟ್ಯಾಕ್ (ಹೊಂಚು ಹಾಕಿ ಹೊಡೆಯುವ ಏಟು) ಬೇರೆ ಸೇರುತ್ತದೆ, 5ನೇ ಲೆವೆಲ್‌ಗೆ ಮೂರು ಡಿ6, ಒಂದು ಕಚ್ಚಿಗೆ 10.5 ಡ್ಯಾಮೇಜ್ ಜಾಸ್ತಿ. ಬಿಲ್ಲಿಗೆ ಇಡುವುದಾದರೆ ಕಚ್ಚಿಗೆ 10 ಅಡಿ ನಡಿಗೆ ಕಿತ್ತುಕೊಳ್ಳಿ. ಮೂರು ಕಚ್ಚಿಗೆ ನಿಂತಲ್ಲೇ ನಿಲ್ಲುತ್ತಾನೆ, ಆಗ ಶತ್ರುವೇ ಅವನ ಹತ್ತಿರ ಬರುತ್ತಾನೆ.

ನಿದ್ದೆಗೆಟ್ಟ ರೋಗ್

ಅಯ್ಯೋ. ನಮ್ಮ ಡಿಎಂಗೆ ಇದನ್ನು ತೋರಿಸಬೇಡಿ ಯಾರೂ.